ಹೊಸ ಮೂಳೆಗೂ ಬಾಣಂತನ ಬೇಕು

ಪಾಂಡವಪುರದ ಕಡೆಯ ಒಬ್ಬ ಹುಡುಗ ಎರಡು ಊರುಗೋಲು ಹಿಡಿದು ನಮ್ಮ ಮನೆಯ ಜಗಲಿಗೆ ಬಂದ. ಜೊತೆಗೆ ತಾಯಿ. ಮೂಳೆ ವಾರ್ಡಿನಲ್ಲಿ ನರ್ಸಾಗಿ ದುಡಿದು ನಿವೃತ್ತಿಯಾದವಳು ನಾನು. ಶ್ರೀರಂಗಪಟ್ಟಣದ ಸುತ್ತಮುತ್ತ ಯಾರದಾದರೂ ಕಾಲು ಮುರಿದರೆ, ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆ ನನಗೆ ತೋರಿಸಿ ಹೋಗುವುದು ವಾಡಿಕೆ. "ಬೆಂಗಳೂರಲ್ಲಿ ಬೈಕಿಂದ ಬಿದ್ದುಬಿಟ್ಟ ನರ್ಸಮ್ಮ. ಎಂಟು ತಿಂಗಳಾಯ್ತು, ಹಿಮ್ಮಡಿ ನೆಲಕ್ಕೇ ಊರಲ್ಲ" ಅಂದರು ತಾಯಿ. ಪಂಚೆ ಸರಿಸಿ ನೋಡಿದೆ. ಎರಡೂ ಮೊಣಕಾಲಿನ ಕೆಳಗೆ, ದಾರ ಹಿಡಿದು ಅಳೆದಂತೆ ಒಂದೇ ಎತ್ತರದಲ್ಲಿ, ಸಾಲಾಗಿ ತೂತು ಮಾಯ್ದ ಗುರುತು. ಬೈಕು ಎರಡು ಕಾಲನ್ನೂ ಒಂದೇ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾಗಿ ಮುರಿಯುವುದಿಲ್ಲ. ತಾಯಿಯನ್ನು ಕಾಫಿಗೆ ನೀರಿಡಲು ಒಳಗೆ ಕಳಿಸಿ, "ಎಷ್ಟು ಎಳೆಸಿದೆಯಪ್ಪ?" ಎಂದು ಕೇಳಿದೆ. ತಲೆ ತಗ್ಗಿಸಿ "ಐದು ಸೆಂಟಿಮೀಟರ್" ಅಂದ.

ಮನೆಯವರಿಗೆ ಹೇಳಿದ ಸುಳ್ಳನ್ನೇ ಊರಿನ ಡಾಕ್ಟರಿಗೂ ಹೇಳಿದ್ದ. ಮುರಿದ ಕಾಲು ಎಂದುಕೊಂಡು ಅವರು ಗಾಯ ನೋಡಿದರು, ಮಾತ್ರೆ ಬರೆದರು. ಎಳೆಸಿದ ಕಾಲು ಎಂದು ಗೊತ್ತಿದ್ದರೆ ಮೊದಲು ಹಿಮ್ಮಡಿಯನ್ನೇ ನೋಡುತ್ತಿದ್ದರು.

ಎತ್ತರಕ್ಕಾಗಿ ಕಾಲು ಎಳೆಸಿಕೊಂಡು ಊರಿಗೆ ಮರಳಿರುವ ನಿಮಗೆ ಈ ಮಾತು. ಮಾಡಿಸಿಕೊಂಡಿದ್ದಕ್ಕೆ ನಾನು ಬೈಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ಅರಳಿಕಟ್ಟೆಯಲ್ಲಿ ಹೇಳುವವರು ಹೇಳಿಯೇ ಹೇಳುತ್ತಾರೆ, ನನ್ನ ಬಾಯಿಂದ ಅದು ಬರುವುದಿಲ್ಲ. ಗಿಡ್ಡ, ಗಿಡ್ಡಿ ಎಂದು ಶಾಲೆಯಿಂದ ಕರೆಸಿಕೊಂಡು ಬೆಳೆದವರ ಸಂಕಟ ಅವರಿಗೇ ಗೊತ್ತು. ಆಗಿದ್ದು ಆಗಿದೆ. ಆದರೆ ಆಪರೇಷನ್ ಆಯಿತು, ಕಾಲಿನ ಸುತ್ತ ಕಟ್ಟಿದ್ದ ಲೋಹದ ರಿಂಗು ಬಿಚ್ಚಿದರು, ಎಲ್ಲ ಮುಗಿಯಿತು ಎಂದುಕೊಂಡು ಓಡಾಡುತ್ತೀರಲ್ಲ, ಅದಕ್ಕೆ ಬೈಯುತ್ತೇನೆ.

ನಿಮ್ಮ ಕಾಲಿನೊಳಗೆ ಏನಾಗಿದೆ ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ. ಡಾಕ್ಟರು ಮೂಳೆ ಕತ್ತರಿಸಿ, ಒಂದು ವಾರದಷ್ಟು ಸುಮ್ಮನೆ ಬಿಟ್ಟು, ಆಮೇಲೆ ದಿನಕ್ಕೆ 1 ಮಿಲಿಮೀಟರಿನಂತೆ ಎರಡು ತುದಿಗಳನ್ನು ದೂರ ಸರಿಸುತ್ತಾರೆ. ಅದೂ ಒಂದೇ ಸಲಕ್ಕಲ್ಲ, ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಆ ಸಂದಿಯಲ್ಲಿ ದೇಹ ಹೊಸ ಮೂಳೆ ಕಟ್ಟುತ್ತದೆ. ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಗವ್ರಿಲ್ ಇಲಿಜರೋವ್ ಎನ್ನುವ ಡಾಕ್ಟರು 1950ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಅವರು ಮಾಡಿದ್ದು ಯುದ್ಧದಲ್ಲಿ ಕಾಲು ಜಜ್ಜಿಹೋದವರಿಗೆ, ಕೂಡದ ಮೂಳೆಯವರಿಗೆ, ಒಂದು ಕಾಲು ಗಿಡ್ಡವಾದವರಿಗೆ. ರಷ್ಯಾದ ಎತ್ತರ ಜಿಗಿತಗಾರ ವ್ಯಾಲೆರಿ ಬ್ರೂಮೆಲ್, 1964ರ ಟೋಕಿಯೊ ಒಲಿಂಪಿಕ್ಸಿನ ಚಿನ್ನದ ಪದಕದವರು, ಮರುವರ್ಷವೇ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ನುಚ್ಚುನೂರು ಮಾಡಿಕೊಂಡರು. ಆಪರೇಷನ್ ಮೇಲೆ ಆಪರೇಷನ್ ಆಗಿ ಕೊನೆಗೆ ಅವರ ಕಾಲು ನೆಟ್ಟಗಾದದ್ದು ಇಲಿಜರೋವ್ ಕೈಯಲ್ಲಿ. ನಾನೂ ವಾರ್ಡಿನಲ್ಲಿ ರಿಂಗುಗಳನ್ನು ಮೊದಲು ಕಂಡದ್ದು ಪೋಲಿಯೊ ಕಾಲುಗಳಿಗೆ, ಹೆದ್ದಾರಿಯಲ್ಲಿ ಬಿದ್ದವರಿಗೆ. ನೆಟ್ಟಗಿರುವ ಎರಡು ಕಾಲಿಗೆ ಹಾಕಿದ್ದನ್ನು ಕಂಡದ್ದು ಬಹಳ ತಡವಾಗಿ.

5 ಸೆಂಟಿಮೀಟರ್ ಎಳೆಯಲು ಐವತ್ತು ದಿನ. ಆದರೆ ಎಳೆದು ಮುಗಿದ ದಿನದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೇಲೊಂದು ಬಿಳಿ ತುದಿ, ಕೆಳಗೊಂದು ಬಿಳಿ ತುದಿ, ನಡುವೆ ಬರೀ ತೆಳು ಮೋಡ. ಆ ಮೋಡ ಮೂಳೆಯಾಗಬೇಕು. ಅದಕ್ಕೆ ಎಳೆದ ಕಾಲದ ಎರಡರಷ್ಟು, ಕೆಲವರಿಗೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಒಂದು ಸೆಂಟಿಮೀಟರಿಗೆ ಒಂದೂವರೆ ತಿಂಗಳೆಂದು ಮನಸ್ಸಿನಲ್ಲಿ ಲೆಕ್ಕವಿಟ್ಟುಕೊಂಡರೆ ನಿರಾಶೆಯಾಗುವುದಿಲ್ಲ. ಓಟ, ಆಟ ಎಂದರೆ ಒಂದು ವರ್ಷ ದಾಟಬೇಕು. ಒಳಗೆ ರಾಡು ಹಾಕಿದ್ದರೆ ಅದನ್ನು ತೆಗೆಸಿ ಸುಧಾರಿಸಿಕೊಳ್ಳುವ ಹೊತ್ತಿಗೆ ಎರಡು ವರ್ಷ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರನೇ ತಿಂಗಳಿಗೆ ಊರುಗೋಲು ಮೂಲೆಗಿಟ್ಟು ಅಂಗಳದಲ್ಲಿ ನಡೆದು ತೋರಿಸಿದವರ ಹೊಸ ಮೂಳೆ ಬಾಗಿದ್ದನ್ನು, ಮತ್ತೆ ಮುರಿದದ್ದನ್ನು ಕಂಡಿದ್ದೇನೆ.

ಹೊಸ ಮೂಳೆ ಗಟ್ಟಿಯಾಗುವ ಈ ಕಾಲವನ್ನು ನಾನು ಬಾಣಂತನ ಅನ್ನುತ್ತೇನೆ. ಬಾಣಂತಿಯನ್ನು ಯಾರಾದರೂ ಗುಟ್ಟಾಗಿ ಸಾಕಲು ಆಗುತ್ತದೆಯೇ? ಬಿಸಿನೀರು ಕಾಯಿಸುವವರು ಬೇಕು, ಹೊತ್ತಿಗೆ ಸರಿಯಾಗಿ ತಟ್ಟೆ ಇಡುವವರು ಬೇಕು, ಗದರಿಸಿ ಮಲಗಿಸುವವರು ಬೇಕು. ನಿಮ್ಮ ಕಾಲಿಗೂ ಅಷ್ಟೇ ಜನ ಬೇಕು. 2016ರಲ್ಲಿ ಹೈದರಾಬಾದಿನಲ್ಲಿ ಇಪ್ಪತ್ತರ ಹರೆಯದ ಒಬ್ಬ ಸಾಫ್ಟ್‌ವೇರ್ ಹುಡುಗ ಮನೆಯವರಿಗೆ ಹೇಳದೆ ಈ ಆಪರೇಷನ್ ಮಾಡಿಸಿಕೊಂಡ. ಮಗ ಕಾಣೆಯಾದನೆಂದು ತಂದೆತಾಯಿ ಹುಡುಕಿ, ಕೊನೆಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಕಂಡು ಗೋಳಾಡಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆ ತಾಯಿಯ ಜಾಗದಲ್ಲಿ ನಿಮ್ಮ ತಾಯಿಯನ್ನು ನಿಲ್ಲಿಸಿಕೊಂಡು ನೋಡಿ. ಮೊದಲೇ ಹೇಳಲು ಧೈರ್ಯ ಬರಲಿಲ್ಲವೇ, ಈಗ ಹೇಳಿ. ಮನೆಯವರು ಒಂದು ವಾರ ಬೈಯುತ್ತಾರೆ, ಆಮೇಲೆ ಬಿಸಿನೀರು ಕಾಯಿಸುತ್ತಾರೆ.

ಊರಿನ ಡಾಕ್ಟರಿಗೆ ಹೇಳುವುದಂತೂ ಕಡ್ಡಾಯ. ಆಪರೇಷನ್ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಆಗಿರುತ್ತದೆ, ರಾತ್ರಿ ಹನ್ನೊಂದಕ್ಕೆ ಜ್ವರ ಬರುವುದು ಕೃಷ್ಣರಾಜಪೇಟೆಯಲ್ಲಿ. ನಾಗಮಂಗಲ ತಾಲ್ಲೂಕಿನವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಇದೆ, ಜಿಲ್ಲೆಗೆಲ್ಲ ಮಂಡ್ಯದ ಮಿಮ್ಸ್ ಇದೆ, ಶ್ರೀರಂಗಪಟ್ಟಣದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ. ಯಾವುದಾದರೂ ಒಂದು ಕಡೆ ಮೂಳೆ ಡಾಕ್ಟರನ್ನು ಆರಾಮಾಗಿರುವಾಗಲೇ ಕಂಡು, ಕಾಗದಪತ್ರ ತೋರಿಸಿ, ಹೀಗೆ ಮಾಡಿಸಿಕೊಂಡಿದ್ದೇನೆ ಎಂದು ಹೇಳಿ ಬನ್ನಿ. ಬೆಂಕಿ ಬಿದ್ದಾಗ ಬಾವಿ ತೋಡಲು ಹೋಗಬೇಡಿ.

ಇನ್ನು ದಿಂಬಿನ ವಿಚಾರ. ಇದಕ್ಕೆ ನಾನು ಬೈದಷ್ಟು ಬೇರೆ ಯಾವುದಕ್ಕೂ ಬೈದಿಲ್ಲ. ಮಲಗಿದಾಗ ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳುತ್ತೀರಿ. ಹಾಯಾಗಿರುತ್ತದೆ, ನಿಜ. ಆದರೆ ಮೂಳೆಯನ್ನು ಎಳೆದರೆ ಅದು ಉದ್ದವಾಗುತ್ತದೆ, ಅದರ ಸುತ್ತಲಿನ ಮಾಂಸಖಂಡ, ನರಗಳಿಗೆ ಆ ವೇಗ ಬರುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಮೂಳೆ ಒಂದು ಕಡೆ, ಸ್ನಾಯು ಇನ್ನೊಂದು ಕಡೆ. ದಿಂಬಿನ ಮೇಲೆ ಮಡಚಿಟ್ಟ ಮೊಣಕಾಲು ಹಾಗೆಯೇ ಸೆಟೆದುಕೊಂಡು ನಿಂತರೆ ಬಿಡಿಸಲು ಆರು ತಿಂಗಳು ಅಳಬೇಕು. ದಿಂಬು ಇಡಲೇಬೇಕು ಎಂದರೆ ಹಿಮ್ಮಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡಿ, ಮೊಣಕಾಲು ತನ್ನ ಭಾರಕ್ಕೆ ತಾನೇ ನೆಟ್ಟಗಾಗಲಿ. ಮೊಣಕಾಲಿನ ಕೆಳಗಿನ ಮೂಳೆ ಎಳೆಸಿದವರಿಗೆ ಹಿಮ್ಮಡಿ ಮೇಲಕ್ಕೇಳುತ್ತದೆ, ಪಾದ ತುದಿಗಾಲಲ್ಲಿ ನಿಂತಂತೆ ಕೆಳಮುಖವಾಗುತ್ತದೆ. ಪಾದಕ್ಕೆ ಉದ್ದನೆಯ ಟವೆಲ್ ಹಾಕಿ, ಎರಡು ತುದಿಯನ್ನು ಕೈಯಲ್ಲಿ ಹಿಡಿದು, ಮೊಣಕಾಲು ಮಡಚದೆ ನಿಮ್ಮ ಕಡೆಗೆ ಎಳೆದು ಮೂವತ್ತು ಎಣಿಸಿ. ಮೀನಖಂಡದಲ್ಲಿ ಬಿಗಿ ಗೊತ್ತಾಗಬೇಕು, ಚುಚ್ಚುವ ನೋವಾಗಬಾರದು. ರಾತ್ರಿ ಕಟ್ಟಿಕೊಳ್ಳಲು ಪಾದದ ಪಟ್ಟಿ ಕೊಟ್ಟಿದ್ದರೆ ಸೆಕೆ ಎಂದು ಬಿಚ್ಚಿ ಎಸೆಯಬೇಡಿ. ತೊಡೆಮೂಳೆ ಎಳೆಸಿದವರು ದಿನಕ್ಕೆ ಎರಡು ಮೂರು ಸಲ ಬೋರಲು ಮಲಗಿ, ಸೊಂಟದ ಮುಂಭಾಗ ಬಿಚ್ಚಿಕೊಳ್ಳಲಿ. ಎಷ್ಟು ಹೊತ್ತು, ಎಷ್ಟು ಸಲ ಎಂಬುದನ್ನು ನಿಮ್ಮ ಕಾಲು ನೋಡಿದ ಫಿಸಿಯೋಥೆರಪಿಯವರೇ ಹೇಳಬೇಕು, ಮೊಬೈಲಿನಲ್ಲಿ ಕಂಡ ವಿಡಿಯೊದವರಲ್ಲ.

ನಮ್ಮ ಪಾಂಡವಪುರದ ಹುಡುಗ ಅಂದು ಕಾಫಿ ಕುಡಿಯುವ ಮುಂಚೆಯೇ ತಾಯಿಗೆ ನಿಜ ಹೇಳಿದ. ಆ ಹೆಣ್ಣುಮಗಳು ಲೋಟ ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಆ ಟವೆಲ್ ಎಳೆಯೋದು ಹೆಂಗೆ, ನಂಗೂ ತೋರಿಸಿ" ಅಂದರು.

ಎಣ್ಣೆ ನೀವಿಸಬೇಡಿ. ನಮ್ಮ ಕಡೆ ಮೂಳೆ ಎಂದರೆ ಸಾಕು, ಯಾರಾದರೊಬ್ಬರು ನಾಟಿ ಕಟ್ಟು ಕಟ್ಟುವವರ ವಿಳಾಸ ಹೇಳುತ್ತಾರೆ. ಅವರ ಕೈಗುಣದ ಬಗ್ಗೆ ನಾನು ವಾದ ಮಾಡುವುದಿಲ್ಲ, ಆದರೆ ಎಳೆಸಿದ ಕಾಲು ಅವರು ಕಂಡ ಕಾಲಲ್ಲ. ಮೋಡದಂತಿರುವ ಮೂಳೆಯ ಮೇಲೆ ಗಟ್ಟಿ ಬೆರಳಿಟ್ಟು ಒತ್ತಿದರೆ ಏನಾಗುತ್ತದೆ ಎಂಬುದನ್ನು ನೀವೇ ಯೋಚಿಸಿ. ಇನ್ನೂ ರಿಂಗು ಇರುವವರಿಗೆ ಇನ್ನೊಂದು ಮಾತು. ರಿಂಗಿನಿಂದ ಕಾಲೊಳಗೆ ಹೋಗುವ ಪಿನ್ನಿನ ಬುಡಕ್ಕೆ ಅರಿಶಿನ, ಬೂದಿ, ಹಸುವಿನ ತುಪ್ಪ ಏನೂ ಬೇಡ. ಕೈಯನ್ನು ಸೋಪಿನಲ್ಲಿ ತೊಳೆದು, ಆಸ್ಪತ್ರೆಯವರು ಬರೆದುಕೊಟ್ಟ ದ್ರಾವಣದಲ್ಲಿ ಗಾಜ್ ಬಟ್ಟೆ ಅದ್ದಿ, ಒಂದು ಪಿನ್ನಿಗೆ ಒಂದು ತುಂಡಿನಂತೆ ಒರೆಸಿ. ಒಂದಕ್ಕೆ ಒರೆಸಿದ ತುಂಡನ್ನು ಪಕ್ಕದ್ದಕ್ಕೆ ಹಚ್ಚಿದರೆ ಕೀವನ್ನು ನೀವೇ ಹೊತ್ತುಕೊಟ್ಟಂತೆ. ಸಂಗಮ, ಪಶ್ಚಿಮವಾಹಿನಿ, ನಾಲೆ, ಕೆರೆ ಯಾವುದರಲ್ಲೂ ಮುಳುಗು ಹಾಕಬೇಡಿ. ಪಿನ್ನಿನ ತೂತು ನೇರವಾಗಿ ಮೂಳೆಗೆ ಹೋಗುವ ದಾರಿ. ಹರಕೆಯಿದ್ದರೆ ಕಾವೇರಿ ತಾಯಿ ಕಾಯುತ್ತಾಳೆ.

ಊಟದ ವಿಷಯದಲ್ಲಿ ನೀವು ಪುಣ್ಯವಂತರು, ನಿಮ್ಮ ಮನೆಯ ಮುದ್ದೆಯಲ್ಲೇ ಔಷಧ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ, ಅಕ್ಕಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ನಗರದಲ್ಲಿ ಇದ್ದು ಬಂದವರಿಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಇಳಿಸಿ. ಹುರುಳಿ ಕಟ್ಟಿನ ಸಾರು, ಬಸ್ಸಾರಿನ ಕಾಳು, ನುಗ್ಗೆಸೊಪ್ಪು, ದಿನಕ್ಕೆ ಎರಡು ಮೊಟ್ಟೆ, ಡೇರಿಗೆ ಹಾಕುವ ಹಾಲಿನಲ್ಲಿ ಅರ್ಧ ಲೀಟರ್ ಮನೆಗೆ ಉಳಿಸಿಕೊಳ್ಳಿ. ಕುರಿ ಕಾಲಿನ ಸೂಪು ಕುಡಿದರೆ ಮೂಳೆ ಬೇಗ ಕೂಡುತ್ತದೆ ಎಂದು ಅಜ್ಜಿಯರು ಹೇಳುತ್ತಾರೆ. ಕುಡಿಯಿರಿ, ರುಚಿಯಾಗಿರುತ್ತದೆ, ಬಾಯಿ ಕೆಟ್ಟಾಗ ಒಳ್ಳೆಯದು. ಆದರೆ ಅದರಲ್ಲಿ ಸುಣ್ಣದ ಅಂಶ ಕಡಿಮೆ, ಅದನ್ನೇ ನಂಬಿ ಹಾಲು ಬಿಡಬೇಡಿ. ಬೆಳಗಿನ ಹತ್ತರ ಮೇಲೆ ಸ್ವಲ್ಪ ಹೊತ್ತು ಕಾಲು ಕೈಗೆ ಬಿಸಿಲು ಬೀಳಲಿ. ಡಿ ಜೀವಸತ್ವದ ರಕ್ತಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಡಾಕ್ಟರು ಹೇಳಿದಷ್ಟೇ ತೆಗೆದುಕೊಳ್ಳಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದು ಇಂಥ ದಿನಗಳಿಗೇ.

ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಯಾವುದೂ ಬೇಡ. ಇದರಲ್ಲಿ ರಾಜಿಯಿಲ್ಲ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಸ ಮೂಳೆಗೆ ರಕ್ತವೇ ಸಿಮೆಂಟು. ಒಂದು ಕಡೆ ಲಕ್ಷಗಟ್ಟಲೆ ಸುರಿದು ಮೂಳೆ ಬೆಳೆಸಿ, ಇನ್ನೊಂದು ಕಡೆ ಐದು ರೂಪಾಯಿಯ ಪೊಟ್ಟಣದಿಂದ ಅದನ್ನು ತಡೆಯುತ್ತೀರಿ. ನೋವಿನ ಮಾತ್ರೆಯದೂ ಇದೇ ಕಥೆ. ಮೆಡಿಕಲ್ ಶಾಪಿಗೆ ಹೋಗಿ ಡೈಕ್ಲೋಫೆನಾಕ್ ಹಾಳೆಗಟ್ಟಲೆ ತಂದು ನುಂಗುವವರನ್ನು ಕಂಡಿದ್ದೇನೆ. ಆ ಜಾತಿಯ ಮಾತ್ರೆ ದಿನಗಟ್ಟಲೆ ತಿಂದರೆ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ, ಮೂಳೆ ಕೂಡುವುದು ನಿಧಾನವಾಗಬಹುದು ಎಂದು ಡಾಕ್ಟರುಗಳೇ ಅದನ್ನು ಅಳೆದು ಕೊಡುತ್ತಾರೆ. ಟ್ರಮಡಾಲ್ ಅಂಥವು ಚಟ ಹಿಡಿಸುತ್ತವೆ. ಮಾತ್ರೆ ಇಲ್ಲದೆ ನಿದ್ದೆ ಬರುವುದಿಲ್ಲ ಎನ್ನುವ ಹಂತಕ್ಕೆ ಬಂದಿದ್ದರೆ ನಾಚಿಕೆಪಡದೆ ಡಾಕ್ಟರ ಮುಂದೆ ಹೇಳಿ.

ಈಗ ಮನೆ, ಹೊಲ, ರಸ್ತೆ. ಈ ಆಪರೇಷನ್ ಮಾಡುವ ದೊಡ್ಡ ಊರಿನ ಆಸ್ಪತ್ರೆಯವರು ಹೇಳಿಕೊಡುವುದು ಟೈಲ್ಸ್ ನೆಲದ ನಡಿಗೆ. ನೀವು ಬದುಕುವುದು ಬದುವಿನ ಮೇಲೆ. ಮೊದಲ ವರ್ಷ ಗದ್ದೆಯ ಕೆಸರಿಗೆ ಇಳಿಯಲೇಬೇಡಿ. ಒಂದು ಕಾಲು ಹೂತು ಇನ್ನೊಂದನ್ನು ಕೀಳುವಾಗ ಮೂಳೆ ತಿರುಚುತ್ತದೆ, ಹೊಸ ಮೂಳೆಗೆ ಭಾರಕ್ಕಿಂತ ತಿರುಚುವುದೇ ದೊಡ್ಡ ಶತ್ರು. ಕಬ್ಬು ಕಡಿದ ಮೇಲೆ ಉಳಿಯುವ ಕೂಳೆ, ಅದರ ಮೇಲೆ ಹಾಸಿದ ತರಗು, ಎರಡೂ ಸೇರಿ ಕಾಲು ಜಾರಿಸುತ್ತವೆ. ಟ್ರ್ಯಾಕ್ಟರಿನಿಂದ ನೆಗೆಯಬೇಡಿ. ಬೈಕಿನಲ್ಲಿ ಕೂತಾಗ ರಸ್ತೆಯ ಗುಂಡಿ ತಪ್ಪಿಸಲು ಸರಕ್ಕನೆ ಕಾಲು ಊರುವ ಅಭ್ಯಾಸ ನಮಗೆಲ್ಲ ಇದೆ. ಅದೊಂದು ಊರುವುದು ಸಾಕು. ಡಾಕ್ಟರು ಎಕ್ಸ್‌ರೇ ನೋಡಿ ಹೂಂ ಅನ್ನುವ ತನಕ ಬೈಕಿನ ಕೀಲಿ ತಾಯಿಯ ಹತ್ತಿರ ಇರಲಿ.

ನಡಿಗೆಗೆ ನಾಲೆ ಏರಿಗಿಂತ ಶಾಲೆಯ ಮೈದಾನ ಒಳ್ಳೆಯದು, ಸಮತಟ್ಟಾಗಿರುತ್ತದೆ, ಸುಸ್ತಾದರೆ ಕೂರಲು ಕಟ್ಟೆಯಿರುತ್ತದೆ. ಮೆಟ್ಟಿಲಿನ ಆಸೆ ಆಗುತ್ತದೆ, ಗೊತ್ತು. ಕಾಲು ಗಟ್ಟಿಯಾಯಿತೇ ಎಂದು ನೋಡಲು ಕರಿಘಟ್ಟ ಹತ್ತುತ್ತೇನೆ, ಮೇಲುಕೋಟೆಯ ಯೋಗನರಸಿಂಹನ ಬೆಟ್ಟ ಹತ್ತುತ್ತೇನೆ ಎನ್ನುವವರು ಬಹಳ ಜನ. ಕರಿಘಟ್ಟಕ್ಕೆ ಸುಮಾರು 450 ಮೆಟ್ಟಿಲು. ಹತ್ತುವುದು ಆಗಿಯೇಬಿಡುತ್ತದೆ, ಮೊಣಕಾಲನ್ನು ಹಿಂಡುವುದು ಇಳಿಯುವಾಗ. ಮೊದಲ ಸಲ ಗಾಡಿ ರಸ್ತೆಯಲ್ಲಿ ಹೋಗಿ ದೇವರ ದರ್ಶನ ಮಾಡಿ ಬನ್ನಿ. ವೈರಮುಡಿಯ ನೂಕುನುಗ್ಗಲಿಗೆ ಆ ವರ್ಷ ಬೇಡ. ಗುಂಪಿನಲ್ಲಿ ಒಬ್ಬರು ತಳ್ಳಿದರೆ ಸಾವರಿಸಿಕೊಳ್ಳುವ ಶಕ್ತಿ ಸ್ನಾಯುವಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ.

ಪಾಯಿಖಾನೆಯ ಮಾತನ್ನು ಯಾರೂ ಆಡುವುದಿಲ್ಲ, ನಾನು ಆಡುತ್ತೇನೆ. ಕುಕ್ಕುರುಗಾಲಿನಲ್ಲಿ ಕೂರಲು ಮೊಣಕಾಲು ಪೂರ್ತಿ ಮಡಚಬೇಕು, ಹಿಮ್ಮಡಿ ನೆಲಕ್ಕೆ ತಾಕಬೇಕು. ಎಳೆಸಿದ ಕಾಲಿನಲ್ಲಿ ಈ ಎರಡೂ ಬಹಳ ತಡವಾಗಿ ಬರುತ್ತವೆ, ಕೆಲವರಿಗೆ ಮೊದಲಿನಷ್ಟು ಬರುವುದೇ ಇಲ್ಲ. ಮೊದಲೇ ಒಂದು ಕಮೋಡ್ ಕುರ್ಚಿ ತಂದಿಡಿ, ಗೋಡೆಗೆ ಹಿಡಿಕೆ ಹಾಕಿಸಿ. ಬಚ್ಚಲಿನ ಪಾಚಿ ಉಜ್ಜಿಸಿ. ಬಿದ್ದು ಮುರಿದುಕೊಂಡವರಲ್ಲಿ ಬಚ್ಚಲಿನಲ್ಲಿ ಬಿದ್ದವರೇ ಹೆಚ್ಚು ನನ್ನ ಕೈಗೆ ಸಿಕ್ಕಿದ್ದಾರೆ. ಮದುವೆಯ ಪಂಕ್ತಿಯಲ್ಲಿ ಚಕ್ಕಂಬಕ್ಕಲ ಹಾಕಲು ಆಗದಿದ್ದರೆ ಟೇಬಲ್ಲಿನಲ್ಲಿ ಕೂತು ಉಣ್ಣಿ, ಯಾರಾದರೂ ಕೇಳಿದರೆ ಕಾಲಿಗೆ ಆಪರೇಷನ್ ಆಗಿದೆ ಅನ್ನಿ.

ಡಾಕ್ಟರ ಹತ್ತಿರ ಹೋಗಿ ಬರುವುದೂ ಒಂದು ಕೆಲಸವೇ. ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡಿಸಿಕೊಂಡು ಹೋಗಬೇಡಿ. ಪಾಂಡವಪುರ, ಶ್ರೀರಂಗಪಟ್ಟಣದವರಿಗೆ ಮೈಸೂರು–ಬೆಂಗಳೂರು ರೈಲಿದೆ, ಕೃಷ್ಣರಾಜಪೇಟೆ ತಾಲ್ಲೂಕಿನವರಿಗೆ ಅಕ್ಕಿಹೆಬ್ಬಾಳು, ಮಂದಗೆರೆಯಲ್ಲಿ ಹಾಸನ–ಮೈಸೂರು ರೈಲು ಸಿಗುತ್ತದೆ. ಕಾಲು ಚಾಚಲು ಜಾಗವಿರುತ್ತದೆ. ಹತ್ತುವಾಗ ಮಾತ್ರ ಜೊತೆಗೊಬ್ಬರು ಇರಲಿ, ರೈಲಿನ ಮೆಟ್ಟಿಲು ಎತ್ತರ.

ಕಾಗದಪತ್ರದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಕಾಲಿನೊಳಗೆ ಯಾವ ಕಂಪನಿಯ ಯಾವ ರಾಡು ಇದೆ, ಯಾವತ್ತು ಹಾಕಿದರು, ಯಾವತ್ತು ತೆಗೆಯಬೇಕು ಎಂದು ಬರೆದ ಹಾಳೆ ನಿಮ್ಮ ಹತ್ತಿರ ಇದೆಯೇ? ಹತ್ತರಲ್ಲಿ ಎಂಟು ಜನ ಇಲ್ಲ ಅನ್ನುತ್ತಾರೆ. ಸ್ಟ್ರೈಡ್ ಎಂಬ ಹೆಸರಿನ ರಾಡನ್ನು 2021ರಲ್ಲಿ ತಯಾರಿಸಿದವರೇ ಮಾರುಕಟ್ಟೆಯಿಂದ ವಾಪಸ್ಸು ತೆಗೆದುಕೊಂಡರು. ಒಳಗೆ ತುಕ್ಕು ಹಿಡಿಯುತ್ತಿದೆ, ಸುತ್ತಲ ಮೂಳೆ ಸವೆಯುತ್ತಿದೆ ಎಂಬ ದೂರು ಬಂದಿತ್ತು. ಹೊರದೇಶದಲ್ಲಿ ಅದನ್ನು ಹಾಕಿಸಿಕೊಂಡವರಿಗೆ, ಕೈಯಲ್ಲಿ ಹಾಳೆ ಇಲ್ಲದಿದ್ದರೆ, ತಮ್ಮ ಕಾಲೊಳಗಿನದು ಅದೇ ಹೌದೋ ಅಲ್ಲವೋ ಎಂದು ಗೊತ್ತಾಗುವುದು ಹೇಗೆ? ಅಯಸ್ಕಾಂತದಿಂದ ಉದ್ದವಾಗುವ ರಾಡು ಇರುವವರು ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ಬಾಯಿ ಬಿಟ್ಟು ಹೇಳಲೇಬೇಕು. ಬಚ್ಚಿಟ್ಟರೆ ಅಲ್ಲಿ ದೊಡ್ಡ ಅಪಾಯ. ರಾಡು ತೆಗೆಸುವ ಖರ್ಚನ್ನು ಈಗಲೇ ಬೇರೆ ಎತ್ತಿಡಿ. ಅಂದ ಚೆಂದಕ್ಕೆ ಮಾಡಿಸಿದ ಆಪರೇಷನ್ನಿಗೆ ಆರೋಗ್ಯ ವಿಮೆಯವರು ಹಣ ಕೊಡುವುದಿಲ್ಲ. ನೋವಿಲ್ಲವಲ್ಲ, ಒಳಗೇ ಇರಲಿ ಎಂದು ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ತೆಗೆಸಿದ ಮೇಲೂ ಕೆಲವು ವಾರ ಊರುಗೋಲು ಬೇಕು, ಸ್ಕ್ರೂ ಇದ್ದ ತೂತುಗಳು ತುಂಬಿಕೊಳ್ಳಬೇಕು.

ಕೆಲವು ಲಕ್ಷಣಗಳಿಗೆ ಬೆಳಗಾಗಲಿ ಎಂದು ಕಾಯಬಾರದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋವು. ಇದ್ದಕ್ಕಿದ್ದಂತೆ ಎದೆನೋವು, ಉಸಿರು ಕಟ್ಟುವುದು. ಕಾಲಿನಲ್ಲಿ ಕಟ್ಟಿದ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಹೀಗಾಗುತ್ತದೆ, ಆಗ 108ಕ್ಕೆ ಫೋನ್ ಮಾಡಿ. ಪಾದ ಮೇಲೆತ್ತಲು ಆಗದೆ ಚಪ್ಪಲಿ ನೆಲಕ್ಕೆ ಉಜ್ಜುವುದು, ಹೆಬ್ಬೆರಳ ಬುಡ ಮರಗಟ್ಟುವುದು ನರಕ್ಕೆ ಪೆಟ್ಟಾದ ಸೂಚನೆ, ಅಂದೇ ತೋರಿಸಿ. ಚಳಿಜ್ವರದ ಜೊತೆ ಪಿನ್ನಿನ ಬುಡದಲ್ಲಿ ಕೀವು ಬಂದರೆ ಅಂದೇ ತೋರಿಸಿ. ಧನುರ್ಮಾಸದ ಚಳಿಗೆ ಗಾಯದ ಜಾಗ ಸೆಳೆಯುವುದು, ಬಹಳ ಹೊತ್ತು ನಿಂತರೆ ಕಾಲು ಭಾರವಾಗುವುದು ಮಾತ್ರ ವರ್ಷಗಟ್ಟಲೆ ಇರಬಹುದು. ಅದಕ್ಕೆ ಹೆದರಬೇಡಿ, ಬೆಚ್ಚಗಿಟ್ಟುಕೊಳ್ಳಿ.

ಪೊಲೀಸ್ ಆಯ್ಕೆಗೆಂದು ಎಳೆಸಿಕೊಂಡವರಿಗೆ ನೋವಾಗುವ ಒಂದು ಮಾತು ಹೇಳಬೇಕು. ಕಾನ್‌ಸ್ಟೆಬಲ್ ಆಗಲು ಗಂಡಸರಿಗೆ 168 ಸೆಂಟಿಮೀಟರ್ ಎತ್ತರ ಬೇಕು, ಹೆಂಗಸರಿಗೆ 157. ಎರಡು ಸೆಂಟಿಮೀಟರಿಗೆ ಅವಕಾಶ ತಪ್ಪಿತೆಂದು ಅತ್ತ ಮಕ್ಕಳನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲಿ ಬೇಕಾದರೂ ಕಾಣಬಹುದು. ಆದರೆ ಎತ್ತರದ ಕೋಲಿನ ಆಚೆಗೆ ಗಂಡಸರು 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಉದ್ದ ಜಿಗಿತ ಇದೆ, ಅದರಾಚೆಗೆ ವೈದ್ಯಕೀಯ ಪರೀಕ್ಷೆ ಇದೆ. ಅಲ್ಲಿ ಗಾಯದ ಗುರುತು, ಒಳಗಿನ ಲೋಹ ಕಾಣದೇ ಇರುವುದಿಲ್ಲ. ಕಾಲು ಎಳೆದಾಗ ಎತ್ತರ ಬಂದಷ್ಟು ಸುಲಭವಾಗಿ ಓಟ ಬರುವುದಿಲ್ಲ, ಮೊದಲಿದ್ದ ವೇಗವೂ ಸ್ವಲ್ಪ ಕಡಿಮೆಯಾಗಬಹುದು. ದಯವಿಟ್ಟು ಆಯ್ಕೆಯ ತಾರೀಖು ನೋಡಿ ಕಾಲನ್ನು ಅವಸರಪಡಿಸಬೇಡಿ. ವಯಸ್ಸಿನ ಮಿತಿ ಮೀರುತ್ತಿದ್ದರೆ ಬೇರೆ ಪರೀಕ್ಷೆಗೂ ಇವತ್ತಿನಿಂದಲೇ ಓದಿಕೊಳ್ಳಿ, ಮಲಗಿದ್ದಾಗ ಸಿಗುವ ಹೊತ್ತು ಬಹಳ.

ಮದುವೆಗೆಂದು ಮಾಡಿಸಿಕೊಂಡವರೂ ಇದ್ದೀರಿ. ಹೆಣ್ಣಿನ ಮನೆಯವರಿಗೆ, ಗಂಡಿನ ಮನೆಯವರಿಗೆ ಮೊದಲೇ ಹೇಳಿಬಿಡಿ. ಎಳೆಸಿದ ಎತ್ತರ ಮಕ್ಕಳಿಗೆ ಹೋಗುವುದಿಲ್ಲ, ಅವರಿಗೆ ಹೋಗುವುದು ಹುಟ್ಟಿನಿಂದ ಬಂದದ್ದು. ಕಾಲಿನ ಗುರುತು ಮದುವೆಯ ಮೊದಲ ವಾರಕ್ಕೇ ಕಾಣುತ್ತದೆ. ಆಗ ಅವರಿಗೆ ನೋವಾಗುವುದು ಎತ್ತರಕ್ಕಲ್ಲ, ಬಚ್ಚಿಟ್ಟದ್ದಕ್ಕೆ.

ಮನಸ್ಸು ಕುಗ್ಗುತ್ತದೆ. ಆರು ತಿಂಗಳು ಒಂದೇ ಕೋಣೆಯ ಸೂರು ನೋಡುತ್ತ ಮಲಗಿದವರಿಗೆ, ನೋವು, ಸಾಲ, ಮಾಡಿಸಿಕೊಂಡದ್ದು ತಪ್ಪಾಯಿತೇನೋ ಎಂಬ ಚಿಂತೆ, ಮೂರೂ ಸೇರಿ ರಾತ್ರಿ ನಿದ್ದೆ ಕಸಿಯುತ್ತವೆ. ಎತ್ತರ ಬಂದ ಮೇಲೂ ಕನ್ನಡಿಯ ಮುಂದೆ ಸಮಾಧಾನ ಸಿಗದ ಮಕ್ಕಳಿದ್ದಾರೆ. ಕೈ ಗಿಡ್ಡವಾಗಿ ಕಾಣುತ್ತದೆ, ನಡಿಗೆ ಬೇರೆಯಾಯಿತು, ಇನ್ನೂ ಮೂರು ಸೆಂಟಿಮೀಟರ್ ಎಳೆಸಬೇಕಿತ್ತು ಎನ್ನುತ್ತಾರೆ. ಆ ಮಾತು ಬಂದಾಗ ಮೂಳೆ ಡಾಕ್ಟರ ಹತ್ತಿರ ಮತ್ತೆ ಓಡಬೇಡಿ, ಮನಸ್ಸಿನ ಡಾಕ್ಟರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲಿಯೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಮನೆಯವರಿಗೂ ಒಂದು ಮಾತು. "ಯಾರು ಮಾಡಿಸಿಕೊ ಅಂದರು ನಿನಗೆ" ಎಂದು ಊಟದ ತಟ್ಟೆಯ ಮುಂದೆ ದಿನಾ ಕೇಳಬೇಡಿ. ಒಂದು ಸಲ ಕೇಳಿದ್ದೀರಿ, ಸಾಕು.

ಹೊಸ ಪ್ಯಾಂಟು ಹೊಲಿಸುವಾಗ ದರ್ಜಿಗೆ ಎರಡೂ ಕಾಲನ್ನು ಬೇರೆ ಬೇರೆ ಅಳೆಯಲು ಹೇಳಿ. ಸಾಮಾನ್ಯವಾಗಿ ಅವರು ಒಂದನ್ನೇ ಅಳೆದು ಬರೆದುಕೊಳ್ಳುತ್ತಾರೆ. ಅರ್ಧ ಇಂಚಿನ ವ್ಯತ್ಯಾಸ ಕಂಡರೆ, ಅಥವಾ ಒಂದೇ ಚಪ್ಪಲಿಯ ಒಂದೇ ಬದಿ ಸವೆಯುತ್ತಿದ್ದರೆ, ನಿಂತು ತೆಗೆಸುವ ಪೂರ್ತಿ ಕಾಲಿನ ಎಕ್ಸ್‌ರೇ ಮಾಡಿಸಿ ಡಾಕ್ಟರಿಗೆ ತೋರಿಸಿ. ಚಪ್ಪಲಿಯೊಳಗೆ ಒಂದು ಅಟ್ಟೆ ಹಾಕಿದರೆ ಸರಿಹೋಗುವುದನ್ನು ಹತ್ತು ವರ್ಷ ಹಾಗೇ ಬಿಟ್ಟರೆ ಸೊಂಟ ಅದರ ಬೆಲೆ ತೆರಬೇಕಾಗುತ್ತದೆ.

ಪಾಂಡವಪುರದ ಆ ಹುಡುಗ ಈಗ ತಿಂಗಳಿಗೊಮ್ಮೆ ಬರುತ್ತಾನೆ. ಆಪರೇಷನ್ ಮಾಡಿದ ಡಾಕ್ಟರನ್ನು ಮತ್ತೆ ಕಂಡ, ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಹೋಗುತ್ತಾನೆ, ಉಳಿದ ದಿನ ತಾಯಿ ಟವೆಲ್ ಹಿಡಿಯುತ್ತಾರೆ. ಗೋಡೆಗೆ ಒರಗಿಸಿ ನಿಲ್ಲಿಸಿ ನೋಡಿದರೆ ಎಡಗಾಲಿನ ಹಿಮ್ಮಡಿ ನೆಲ ಮುಟ್ಟಿದೆ, ಬಲಗಾಲಿನದಕ್ಕೆ ಇನ್ನೂ ಒಂದು ಬೆರಳಿನಷ್ಟು ಜಾಗ ಇದೆ. ನೀವೂ ನನ್ನಂಥ ಹಿರಿಯರ ಹತ್ತಿರವೋ ನಿಮ್ಮ ಡಾಕ್ಟರ ಹತ್ತಿರವೋ ಹೋಗುವಾಗ ಮನೆಯವರನ್ನು ಕರೆದುಕೊಂಡು ಹೋಗಿ. ಎಕ್ಸ್‌ರೇಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಮಡಚದೆ ತನ್ನಿ. ಮಡಚಿದ ಜಾಗದ ಗೆರೆ ಮೂಳೆಯ ಬಿರುಕಿನಂತೆ ಕಾಣುತ್ತದೆ.